ಹೆಣ ಬಿದ್ದ ಮೇಲೆ ಹಂಪ್ಸು

ಹಳ್ಳಿ ಗೇಟಿನ ಬಳಿ ಬೈಕಿಗೆ ಲಾರಿ ಗುದ್ದಿ ಯಾರೋ ಒಬ್ಬರು ಸತ್ತರೆ ಮುಂದೇನಾಗುತ್ತದೆ ಎಂಬುದು ನಮಗೆಲ್ಲ ಬಾಯಿಪಾಠ. ಊರವರು ರಸ್ತೆಗೆ ಅಡ್ಡ ಕಲ್ಲಿಟ್ಟು ಕೂರುತ್ತಾರೆ. ಪೊಲೀಸರು ಬರುತ್ತಾರೆ, ತಹಶೀಲ್ದಾರರು ಬರುತ್ತಾರೆ. ‘ಹಂಪ್ಸ್ ಹಾಕಿಸುತ್ತೇವೆ’ ಎಂಬ ಮಾತು ಸಿಕ್ಕ ಮೇಲೆ ಧರಣಿ ಮುಗಿಯುತ್ತದೆ. ಕೆಲವೇ ದಿನಗಳಲ್ಲಿ ಒಂದು ಟ್ರ್ಯಾಕ್ಟರ್ ಜಲ್ಲಿ, ಒಂದಿಷ್ಟು ಡಾಂಬರು ಬಂದು ಬೀಳುತ್ತದೆ. ಮೂರು ಕಿಲೋಮೀಟರ್ ಆಚೆ ಇಂಥದ್ದೇ ಇನ್ನೊಂದು ಗೇಟು ಇರುತ್ತದೆ. ಅದೇ ಅಗಲದ ರಸ್ತೆ, ಅದೇ ಜಾಲಿ ಪೊದೆ, ಅದೇ ಕತ್ತಲೆ. ಅಲ್ಲಿ ಇನ್ನೂ ಯಾರೂ ಸತ್ತಿಲ್ಲ. ಹಾಗಾಗಿ ಅಲ್ಲಿ ಏನೂ ಆಗುವುದಿಲ್ಲ.

ನಮ್ಮ ಗ್ರಾಮೀಣ ರಸ್ತೆಗಳ ಸುರಕ್ಷತೆಗೆ ಹಣವಿಲ್ಲ ಎನ್ನುವವರಿದ್ದಾರೆ, ಜನರಿಗೆ ಶಿಸ್ತಿಲ್ಲ ಎನ್ನುವವರೂ ಇದ್ದಾರೆ. ಎರಡರಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ. ಆದರೆ ಇವೆರಡಕ್ಕಿಂತ ಮೊದಲಿನ ಪ್ರಶ್ನೆ ಬೇರೆಯೇ ಇದೆ. ಇರುವ ಹಣವನ್ನು ಮೊದಲು ಎಲ್ಲಿ ಹಾಕಬೇಕು? ಸತ್ತವರ ಸಂಖ್ಯೆ ನೋಡಿ ಹಾಕಬೇಕೋ, ಸಾಯಬಹುದಾದ ಜಾಗ ನೋಡಿ ಹಾಕಬೇಕೋ? ಹಳ್ಳಿಗಾಡಿನ ರಸ್ತೆಗಳ ಮಟ್ಟಿಗೆ ಉತ್ತರ ಎರಡನೆಯದು. ಏಕೆ ಎಂಬುದನ್ನು ಕೊಂಚ ವಿವರವಾಗಿ ನೋಡೋಣ.

ಸಾವು ಎಲ್ಲಿದೆ?

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ 2022ರ ವರದಿಯ ಪ್ರಕಾರ ಆ ವರ್ಷ ದೇಶದಲ್ಲಿ 4,61,312 ರಸ್ತೆ ಅಪಘಾತಗಳಾದವು, 1,68,491 ಜನ ಸತ್ತರು. ಕರ್ನಾಟಕದ ಪಾಲು 11,702 ಸಾವು. ದೇಶದ ಒಟ್ಟು ಸಾವಿನಲ್ಲಿ ಶೇ 68ರಷ್ಟು ಗ್ರಾಮೀಣ ಪ್ರದೇಶದಲ್ಲೇ ಆದವು. ಸತ್ತವರಲ್ಲಿ ಶೇ 44ಕ್ಕಿಂತ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು, ಶೇ 19ಕ್ಕಿಂತ ಹೆಚ್ಚು ಮಂದಿ ನಡೆದು ಹೋಗುತ್ತಿದ್ದವರು. ಎಂದರೆ, ಸಾಯುವ ಹತ್ತು ಜನರಲ್ಲಿ ಆರಕ್ಕೂ ಹೆಚ್ಚು ಮಂದಿಗೆ ಮೈಮೇಲೆ ತಗಡಿನ ರಕ್ಷಣೆಯೂ ಇರಲಿಲ್ಲ.

ರಾಷ್ಟ್ರೀಯ ಹೆದ್ದಾರಿಗಳು ದೇಶದ ರಸ್ತೆಜಾಲದ ಶೇ 2ರಷ್ಟು ಮಾತ್ರ. ಸಾವಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಅಲ್ಲೇ ಆಗುತ್ತದೆ. ಈ ಅಂಕಿ ಎಲ್ಲರಿಗೂ ಗೊತ್ತು, ಸುರಕ್ಷತೆಯ ಹಣ, ಗಮನ ಎರಡೂ ಅತ್ತ ಹರಿಯುವುದು ಇದರಿಂದಲೇ. ಆದರೆ ಇದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಉಳಿದ ಸುಮಾರು ಶೇ 64ರಷ್ಟು ಸಾವು ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯರಸ್ತೆ, ಊರ ರಸ್ತೆ, ನಗರದ ಬೀದಿಗಳಲ್ಲಿ ಹಂಚಿಹೋಗಿದೆ. ಹಳ್ಳಿಗಾಡಿನ ರಸ್ತೆಗಳ ಸಮಸ್ಯೆ ಇರುವುದು ಈ ‘ಹಂಚಿಹೋಗಿದೆ’ ಎಂಬ ಮಾತಿನಲ್ಲೇ. ಅಲ್ಲಿ ಸಾವು ಒಂದೇ ಜಾಗದಲ್ಲಿ ಗುಡ್ಡೆ ಬೀಳುವುದಿಲ್ಲ. ಇವತ್ತು ಈ ತಿರುವಿನಲ್ಲಿ ಒಂದು, ಮುಂದಿನ ವರ್ಷ ಆ ಮೋರಿಯ ಹತ್ತಿರ ಒಂದು, ಅದರಾಚೆ ವರ್ಷ ಕೆರೆ ಏರಿಯ ಮೇಲೆ ಒಂದು.

ನಮ್ಮಲ್ಲಿ ಅಪಾಯದ ಜಾಗ ಗುರುತಿಸುವ ಅಳತೆಗೋಲು ‘ಬ್ಲ್ಯಾಕ್ ಸ್ಪಾಟ್’. ರಾಷ್ಟ್ರೀಯ ಹೆದ್ದಾರಿಗೆಂದು ಮಾಡಿದ ವ್ಯಾಖ್ಯೆ ಅದು. ಸುಮಾರು 500 ಮೀಟರ್ ಉದ್ದದ ಜಾಗದಲ್ಲಿ ಮೂರು ವರ್ಷದಲ್ಲಿ ಸಾವು ಅಥವಾ ತೀವ್ರ ಗಾಯದ 5 ಅಪಘಾತಗಳಾಗಿರಬೇಕು, ಇಲ್ಲವೇ 10 ಜನ ಸತ್ತಿರಬೇಕು. ದಿನಕ್ಕೆ ಹತ್ತಾರು ಸಾವಿರ ವಾಹನ ಓಡಾಡುವ ಹೆದ್ದಾರಿಗೆ ಇದು ಸರಿಯಾದ ಅಳತೆಯೇ. ದಿನಕ್ಕೆ ಸಾವಿರ ವಾಹನವೂ ಓಡಾಡದ ಹೋಬಳಿ ರಸ್ತೆಗೆ ಇದೇ ಅಳತೆ ಹಿಡಿದರೆ ಇಡೀ ತಾಲ್ಲೂಕಿನಲ್ಲಿ ಒಂದು ಬ್ಲ್ಯಾಕ್ ಸ್ಪಾಟೂ ಸಿಗದೆ ಹೋಗಬಹುದು. ಸಾವು ಮಾತ್ರ ವರ್ಷವರ್ಷವೂ ಆಗುತ್ತಿರುತ್ತದೆ.

ನಾಲೆ ಕಲಿಸಿದ ಪಾಠ

ಮಂಡ್ಯ ಜಿಲ್ಲೆಯ ವಿಶ್ವೇಶ್ವರಯ್ಯ ನಾಲೆಯನ್ನೇ ತೆಗೆದುಕೊಳ್ಳಿ. 2018ರ ನವೆಂಬರ್ 24ರ ಶನಿವಾರ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ನಾಲೆಗೆ ಉರುಳಿ 30 ಜನ ಸತ್ತರು. ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅವರಲ್ಲಿದ್ದರು. ಇಡೀ ರಾಜ್ಯ ಮರುಗಿತು. ನಾಲೆ ಪಕ್ಕದ ರಸ್ತೆಗೆ ತಡೆಗೋಡೆ ಬೇಕೆಂಬ ಕೂಗು ಎದ್ದಿತು.

ಐದು ವರ್ಷದ ನಂತರ, 2023ರ ನವೆಂಬರಿನಲ್ಲಿ, ಅದೇ ತಾಲ್ಲೂಕಿನ ಬನಘಟ್ಟದ ಬಳಿ ಅದೇ ನಾಲೆಗೆ ಕಾರು ಬಿದ್ದು ಐವರು ಸತ್ತರು. ಜಾಗ ಬೇರೆ, ನಾಲೆ ಅದೇ. ಸಾವು ಎಣಿಸುವ ಲೆಕ್ಕದಲ್ಲಿ ಬನಘಟ್ಟದ ಆ ಜಾಗ ಅಪಘಾತದ ಹಿಂದಿನ ದಿನದವರೆಗೂ ‘ಸುರಕ್ಷಿತ’. ಆದರೆ ಅಪಾಯ ಕನಗನಮರಡಿ ಎಂಬ ಊರಿಗೆ ಅಂಟಿಕೊಂಡದ್ದಾಗಿರಲಿಲ್ಲ. ಕಿರಿದಾದ ರಸ್ತೆ, ಅದಕ್ಕೆ ಒತ್ತಿಕೊಂಡ ಆಳ ನೀರು, ನಡುವೆ ತಡೆಯಿಲ್ಲದಿರುವುದು ಎಂಬ ಮೂರರ ಕೂಟಕ್ಕೆ ಅಂಟಿಕೊಂಡಿತ್ತು. ಆ ಕೂಟ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಅಪಾಯ ಇದೆ. ನಾಲೆಯ ಉದ್ದಕ್ಕೂ ಒಮ್ಮೆ ಜೀಪಿನಲ್ಲಿ ಹೋಗಿ ಬಂದ ಯಾವ ಎಂಜಿನಿಯರೂ ಆ ಜಾಗಗಳನ್ನು ಪಟ್ಟಿ ಮಾಡಿಕೊಡಬಲ್ಲರು. ಅದಕ್ಕೆ ಇನ್ನೊಂದು ಸಾವಿಗಾಗಿ ಕಾಯಬೇಕಾಗಿಲ್ಲ.

ಇದೇ ಮಾತು ಕೆರೆ ಏರಿಗಳಿಗೂ ಅನ್ವಯಿಸುತ್ತದೆ, ಎರಡೂ ಬದಿ ಕೈಪಿಡಿಗೋಡೆ ಮುರಿದ ಹಳೇ ಸೇತುವೆಗಳಿಗೂ ಅನ್ವಯಿಸುತ್ತದೆ.

ಅಪಘಾತ ಆದ ಜಾಗವನ್ನೇ ಹಿಂಬಾಲಿಸುವುದರಲ್ಲಿ ಇನ್ನೊಂದು ಮೋಸವಿದೆ. ಅಪರೂಪಕ್ಕೆ ನಡೆಯುವ ಘಟನೆಗಳಲ್ಲಿ ಆಕಸ್ಮಿಕದ ಪಾಲು ದೊಡ್ಡದು. ಒಂದು ತಿರುವಿನಲ್ಲಿ ಒಂದೇ ವರ್ಷ ಮೂವರು ಸತ್ತರು ಎನ್ನಿ. ಅಲ್ಲಿ ಏನೂ ಮಾಡದಿದ್ದರೂ ಮರುವರ್ಷ ಆ ಸಂಖ್ಯೆ ಇಳಿಯುವ ಸಂಭವವೇ ಹೆಚ್ಚು, ಏಕೆಂದರೆ ಮೂರು ಎಂಬುದು ಅದರ ಸಹಜ ಸರಾಸರಿಗಿಂತ ಮೇಲಿನ ಸಂಖ್ಯೆ. ಆದರೆ ನಡುವೆ ನಾವು ಒಂದು ಹಂಪ್ಸ್ ಹಾಕಿರುತ್ತೇವೆ. ಸಾವು ಇಳಿದದ್ದನ್ನು ಕಂಡು ಹಂಪ್ಸ್ ಉಳಿಸಿತು ಎಂದು ನಂಬುತ್ತೇವೆ. ಮುಂದಿನ ಸಲವೂ ಅದನ್ನೇ ಹಾಕುತ್ತೇವೆ. ಅಂಕಿಅಂಶ ಬಲ್ಲವರು ಈ ಭ್ರಮೆಯ ಬಗ್ಗೆ ಎಚ್ಚರಿಸುತ್ತಲೇ ಬಂದಿದ್ದಾರೆ. ಒಂದು ಜಾಗದ ಮೂರ್ನಾಲ್ಕು ವರ್ಷದ ಲೆಕ್ಕವನ್ನು, ಅಂಥದೇ ಇನ್ನಷ್ಟು ಜಾಗಗಳ ಲೆಕ್ಕದ ಜೊತೆ ಇಟ್ಟು ನೋಡಿದರೆ ಮಾತ್ರ ಕ್ರಮ ಫಲ ಕೊಟ್ಟಿತೋ ಇಲ್ಲವೋ ತಿಳಿಯುತ್ತದೆ.

ರಸ್ತೆಯನ್ನೇ ಓದುವುದು

ಹಾಗಾದರೆ ಯಾರೂ ಸಾಯುವ ಮೊದಲೇ ಅಪಾಯದ ಜಾಗ ಹುಡುಕುವುದು ಹೇಗೆ? ರಸ್ತೆಯನ್ನೇ ಓದಬೇಕು. ಎರಡು ಉದಾಹರಣೆ ಹತ್ತಿರದಿಂದ ನೋಡೋಣ.

ಮೊದಲನೆಯದು ಡಾಂಬರಿನ ಅಂಚು. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಶುರುವಾದದ್ದು 2000ದ ಡಿಸೆಂಬರಿನಲ್ಲಿ. ಆ ಯೋಜನೆಯಲ್ಲಿ ಆದ ರಸ್ತೆಗಳ ಡಾಂಬರಿನ ಅಗಲ ಸಾಮಾನ್ಯವಾಗಿ 3.75 ಮೀಟರ್. ಒಂದು ಬಸ್ಸಿನ ಅಗಲ ಎರಡೂವರೆ ಮೀಟರಿಗೆ ಕಡಿಮೆಯಿಲ್ಲ. ಎದುರು ಬಸ್ ಬಂದರೆ ಬೈಕಿನವನಿಗೆ ಉಳಿಯುವುದು ಸುಮಾರು ಒಂದೂಕಾಲು ಮೀಟರ್, ಅದೂ ಬಸ್ಸು ಮತ್ತೊಂದು ಅಂಚಿಗೆ ಪೂರ್ತಿ ಸರಿದರೆ. ಅವನು ಮಣ್ಣಿಗೆ ಇಳಿಯಲೇಬೇಕು. ವರ್ಷ ಕಳೆದಂತೆ ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಎತ್ತರವಾಗುತ್ತದೆ. ಮಳೆಗೆ ಪಕ್ಕದ ಮಣ್ಣು ಕೊಚ್ಚಿಹೋಗಿ ತಗ್ಗಾಗುತ್ತದೆ. ಅಂಚಿನಲ್ಲಿ ಗೇಣುದ್ದ ಮೆಟ್ಟಿಲೇ ಏಳುತ್ತದೆ. ಇಳಿಯುವಾಗ ಒಂದು ಕುಲುಕು, ಅಷ್ಟೆ. ಆಪತ್ತಿರುವುದು ಹತ್ತುವಾಗ. ಮುಂದಿನ ಚಕ್ರ ಆ ಮೆಟ್ಟಿಲಿಗೆ ಉಜ್ಜಿಕೊಂಡು ಓಡುತ್ತದೆ, ಹತ್ತುವುದಿಲ್ಲ. ಸವಾರ ಹ್ಯಾಂಡಲನ್ನು ಇನ್ನಷ್ಟು ತಿರುಗಿಸುತ್ತಾನೆ. ಚಕ್ರ ಒಮ್ಮೆಲೇ ಹತ್ತಿಬಿಟ್ಟಾಗ ಬೈಕು ರಸ್ತೆಯ ನಡುವೆಯೇ ಅಡ್ಡಬೀಳುತ್ತದೆ. ಎಫ್‌ಐಆರ್‌ನಲ್ಲಿ ‘ನಿಯಂತ್ರಣ ತಪ್ಪಿ’ ಎಂದಷ್ಟೇ ಇರುತ್ತದೆ. ಇದಕ್ಕೆ ಪರಿಹಾರ ಗ್ರಾವೆಲ್ ತುಂಬಿ ಅಂಚನ್ನು ಸಮ ಮಾಡುವುದು. ಹೊಸ ಡಾಂಬರು ಹಾಕುವಾಗ ಅಂಚನ್ನು ಕಡಿದಂತೆ ನಿಲ್ಲಿಸದೆ ಸುಮಾರು 30 ಡಿಗ್ರಿ ಇಳಿಜಾರಾಗಿ ಒತ್ತಿದರೂ ಚಕ್ರ ಸಲೀಸಾಗಿ ಹತ್ತುತ್ತದೆ. ಅಮೆರಿಕದ ಗ್ರಾಮೀಣ ರಸ್ತೆಗಳಲ್ಲಿ ಈ ಪದ್ಧತಿ ಬಳಕೆಯಲ್ಲಿದೆ.

ಎರಡನೆಯದು ಕಣ್ಣಿಗೆ ಮೋಸ ಮಾಡುವ ತಿರುವು. ಉದ್ದಕ್ಕೆ ನೇರ ರಸ್ತೆ. ಪಕ್ಕದಲ್ಲಿ ಕರೆಂಟು ಕಂಬಗಳ ಸಾಲು, ಅಥವಾ ಹಿಂದಿನವರು ನೆಟ್ಟ ಹುಣಸೆ, ಆಲದ ಸಾಲು. ಒಂದು ಜಾಗದಲ್ಲಿ ರಸ್ತೆ ಎಡಕ್ಕೆ ಬಾಗುತ್ತದೆ, ಕಂಬದ ಸಾಲು ಮಾತ್ರ ನೇರ ಹೊಲದೊಳಕ್ಕೆ ಹೋಗುತ್ತದೆ. ರಾತ್ರಿ ಹೆಡ್‌ಲೈಟಿನ ಬೆಳಕಿನಲ್ಲಿ ಚಾಲಕ ನಂಬುವುದು ಕಂಬದ ಸಾಲನ್ನು. ದಿನಾ ಓಡಾಡುವವರಿಗೆ ಅಲ್ಲಿ ಏನೂ ಆಗುವುದಿಲ್ಲ. ಮದುವೆಗೋ ಜಾತ್ರೆಗೋ ಹೊಸದಾಗಿ ಬಂದವರು ಹೊಲಕ್ಕೆ ಇಳಿಯುತ್ತಾರೆ, ಇಲ್ಲವೇ ಮರಕ್ಕೆ ಗುದ್ದುತ್ತಾರೆ. ಇಂಥ ಕಡೆ ಬಾಣದ ಗುರುತಿನ ಪ್ರತಿಫಲಿಸುವ ಫಲಕಗಳನ್ನು ತಿರುವಿನ ಹೊರಬದಿಯಲ್ಲಿ ಸಾಲಾಗಿ ನಿಲ್ಲಿಸಿ, ಅಂಚಿಗೆ ಬಿಳಿ ಪಟ್ಟಿ ಬಳಿದರೆ ರಸ್ತೆ ಎತ್ತ ಹೋಗುತ್ತಿದೆ ಎಂಬುದು ದೂರದಿಂದಲೇ ತಿಳಿಯುತ್ತದೆ.

ಅಮೆರಿಕದ ಮಿನ್ನೆಸೋಟ ರಾಜ್ಯ ತನ್ನ 87 ಕೌಂಟಿಗಳಿಗೂ ರಸ್ತೆ ಸುರಕ್ಷತಾ ಯೋಜನೆ ಮಾಡಿದ್ದು ಇದೇ ದಾರಿಯಲ್ಲಿ. ಅಲ್ಲೂ ಹಳ್ಳಿಗಾಡಿನ ಅಪಘಾತಗಳು ಚೆದುರಿಹೋಗಿದ್ದವು. ಹಾಗಾಗಿ ತಿರುವುಗಳನ್ನು ಒಂದೊಂದಾಗಿ ಪರೀಕ್ಷಿಸಿ, ಎಷ್ಟು ಕಡಿದಾಗಿದೆ, ವಾಹನ ಎಷ್ಟು ಓಡುತ್ತದೆ, ತಿರುವಿನಲ್ಲೇ ಇನ್ನೊಂದು ರಸ್ತೆ ಕೂಡುತ್ತದೆಯೇ, ಕಣ್ಣಿಗೆ ಮೋಸವಾಗುತ್ತದೆಯೇ, ಹಿಂದೆ ಅಪಘಾತ ಆಗಿದೆಯೇ ಎಂದು ನೋಡಿ ಅಂಕ ಕೊಟ್ಟರು. ಹೆಚ್ಚು ಅಂಕ ಬಂದ ತಿರುವಿಗೆ ಮೊದಲ ಸರದಿ. ಹಿಂದಿನ ಅಪಘಾತವೂ ಲೆಕ್ಕದಲ್ಲಿದೆ, ಆದರೆ ಅದು ಹಲವು ಅಂಶಗಳಲ್ಲಿ ಒಂದು ಮಾತ್ರ. ಈ ಕೆಲಸಕ್ಕೆ ದೊಡ್ಡ ಯಂತ್ರ ಬೇಡ. ಕಿರಿಯ ಎಂಜಿನಿಯರ್ ಒಬ್ಬರು, ಠಾಣೆಯ ಒಬ್ಬ ಸಿಬ್ಬಂದಿ, ಆ ಮಾರ್ಗದ ಒಬ್ಬ ಬಸ್ ಚಾಲಕ ಒಟ್ಟಿಗೆ ಹಗಲೊಮ್ಮೆ ರಾತ್ರಿಯೊಮ್ಮೆ ಹೋಗಿಬಂದರೆ ಸಾಕು. ಬಸ್ ಚಾಲಕನಿಗೆ ಗೊತ್ತಿರುವಷ್ಟು ಆ ರಸ್ತೆಯ ಕೇಡು ಯಾವ ಕಡತಕ್ಕೂ ಗೊತ್ತಿರುವುದಿಲ್ಲ.

ಒಂದು ಸರಳ ಲೆಕ್ಕ

ಆದ್ಯತೆಯ ಮಾತು ಬಂದಾಗ ಕೆಲವರಿಗೆ ಅನುಮಾನ ಬರುತ್ತದೆ. ತೀರಾ ಕೆಟ್ಟ ತಿರುವನ್ನು ಬಿಟ್ಟು ಸಾಧಾರಣ ತಿರುವುಗಳಿಗೆ ಹಣ ಹಂಚುವುದು ನ್ಯಾಯವೇ? ಲೆಕ್ಕಕ್ಕೆಂದು ಒಂದು ತಾಲ್ಲೂಕನ್ನು ಕಲ್ಪಿಸಿಕೊಳ್ಳೋಣ. ಅಲ್ಲಿ ಒಂದು ಭೀಕರ ತಿರುವಿದೆ, ಎರಡು ವರ್ಷಕ್ಕೊಬ್ಬರು ಸಾಯುತ್ತಾರೆ. ಜಮೀನು ಕೊಂಡು ಅದನ್ನು ನೆಟ್ಟಗೆ ಮಾಡಿದರೆ ಕೈಯಲ್ಲಿರುವ ಹಣವೆಲ್ಲ ಅಲ್ಲಿಗೇ ಮುಗಿಯುತ್ತದೆ. ಹತ್ತು ವರ್ಷದಲ್ಲಿ ಹೆಚ್ಚೆಂದರೆ ಐದು ಜೀವ ಉಳಿಯುತ್ತದೆ. ಅದೇ ತಾಲ್ಲೂಕಿನಲ್ಲಿ ಸಾಧಾರಣ ತಿರುವುಗಳು 40 ಇವೆ, ಒಂದೊಂದರಲ್ಲೂ ಹತ್ತು ವರ್ಷಕ್ಕೊಬ್ಬರು ಸಾಯುತ್ತಾರೆ. ಒಟ್ಟು 40 ಸಾವು. ಅದೇ ಹಣದಲ್ಲಿ ಎಲ್ಲ 40 ತಿರುವಿಗೂ ಫಲಕ, ಪಟ್ಟಿ, ರಿಫ್ಲೆಕ್ಟರ್ ಹಾಕಿ, ಅಂಚು ಸಮ ಮಾಡಿ, ಸಾವಿನಲ್ಲಿ ಕಾಲುಭಾಗ ತಪ್ಪಿಸಿದರೂ ಹತ್ತು ಜೀವ ಉಳಿಯುತ್ತದೆ. ಭೀಕರ ತಿರುವಿಗೂ ಈ ಅಗ್ಗದ ಕೆಲಸಗಳನ್ನು ಮಾಡಿಟ್ಟು, ದೊಡ್ಡ ಕಾಮಗಾರಿಗೆ ಬೇರೆ ಅನುದಾನ ಕೇಳುವುದು ಜಾಣತನ. ಇವು ಉದಾಹರಣೆಗೆ ಇಟ್ಟ ಸಂಖ್ಯೆಗಳು. ಆದರೆ ಪ್ರತಿ ಜಿಲ್ಲೆಯೂ ತನ್ನ ನಿಜವಾದ ಸಂಖ್ಯೆಗಳನ್ನು ಹಾಕಿ ಇದೇ ಲೆಕ್ಕ ಮಾಡಬಹುದು. ಒಂದು ಲಕ್ಷ ರೂಪಾಯಿಗೆ ಎಷ್ಟು ಜೀವ ಉಳಿಯುತ್ತದೆ ಎಂಬ ಪ್ರಶ್ನೆ ಕಠೋರವಾಗಿ ಕೇಳಬಹುದು. ಅದನ್ನು ಕೇಳದೆ ಖರ್ಚು ಮಾಡುವುದು ಅದಕ್ಕಿಂತ ಕಠೋರ.

ಇದು ಬರೀ ಪುಸ್ತಕದ ಮಾತಲ್ಲ ಎನ್ನುವುದಕ್ಕೆ ನಮ್ಮ ರಾಜ್ಯದಲ್ಲೇ ಸಾಕ್ಷಿ ಇದೆ. ಬೆಳಗಾವಿಯಿಂದ ಸಾಂಬ್ರಾ, ನೇಸರಗಿ ಮೇಲೆ ಯರಗಟ್ಟಿಗೆ ಹೋಗುವ ರಾಜ್ಯ ಹೆದ್ದಾರಿಯ ಸುಮಾರು 62 ಕಿ.ಮೀ. ಭಾಗವನ್ನು ವಿಶ್ವಬ್ಯಾಂಕ್ ನೆರವಿನ ಕರ್ನಾಟಕ ರಾಜ್ಯ ಹೆದ್ದಾರಿ ಸುಧಾರಣಾ ಯೋಜನೆಯಡಿ (ಕೆ-ಶಿಪ್) ಮಾದರಿ ಸುರಕ್ಷಿತ ಮಾರ್ಗವೆಂದು ಆರಿಸಿಕೊಳ್ಳಲಾಯಿತು. ರಸ್ತೆಯ ಅಪಾಯವನ್ನು ಅಳೆದು, ಊರೊಳಗೆ ಹಾದುಹೋಗುವ ಕಡೆ ಪಾದಚಾರಿ ದಾರಿ, ದಾಟುವ ಜಾಗ, ಬಸ್ ನಿಲ್ಲಲು ಪ್ರತ್ಯೇಕ ಜಾಗ, ವೇಗ ತಗ್ಗಿಸುವ ಏರ್ಪಾಡು ಮಾಡಿದರು. ಜೊತೆಗೆ ಪೊಲೀಸ್ ಗಸ್ತು, ಗಾಯಾಳುಗಳಿಗೆ ತುರ್ತು ಚಿಕಿತ್ಸೆಯ ವ್ಯವಸ್ಥೆಯನ್ನೂ ಹೊಂದಿಸಿದರು. ಕೆಲವೇ ವರ್ಷಗಳಲ್ಲಿ ಆ ಮಾರ್ಗದ ಸಾವು ಅರ್ಧಕ್ಕಿಂತ ಕೆಳಗೆ ಇಳಿಯಿತು ಎನ್ನುತ್ತದೆ ವಿಶ್ವಬ್ಯಾಂಕ್.

ಇಂಥ ಅಳತೆಗೆ ಲೋಕದಲ್ಲಿ ಹೆಚ್ಚಾಗಿ ಬಳಸುವುದು ‘ಐರ್‍ಯಾಪ್’ ಎಂಬ ಸಂಸ್ಥೆಯ ನಕ್ಷತ್ರ ಶ್ರೇಣಿ. ರಸ್ತೆಯನ್ನು ನೂರು ನೂರು ಮೀಟರಿಗೆ ತುಂಡು ಮಾಡಿ, ಪ್ರತಿ ತುಂಡಿನ ತಿರುವು, ಅಂಚು, ಪಕ್ಕದ ಮರ, ಕೂಡುರಸ್ತೆ, ನಡೆಯುವ ದಾರಿ ಎಲ್ಲವನ್ನೂ ದಾಖಲಿಸಿ ಒಂದರಿಂದ ಐದು ನಕ್ಷತ್ರ ಕೊಡುತ್ತಾರೆ. ಕಾರಿನವರಿಗೆ, ಬೈಕಿನವರಿಗೆ, ಸೈಕಲ್ಲಿನವರಿಗೆ, ನಡೆಯುವವರಿಗೆ ಬೇರೆ ಬೇರೆ ಅಂಕ. ಕಾರಿನವರಿಗೆ ನಾಲ್ಕು ನಕ್ಷತ್ರ ಬಂದ ರಸ್ತೆಯೇ ನಡೆಯುವವರಿಗೆ ಒಂದು ನಕ್ಷತ್ರದ್ದಾಗಿರಬಹುದು. ಒಂದು ನಕ್ಷತ್ರ ಏರಿದರೆ ಸಾವು ಮತ್ತು ತೀವ್ರ ಗಾಯದ ಅಪಾಯ ಸರಿಸುಮಾರು ಅರ್ಧವಾಗುತ್ತದೆ ಎಂಬುದು ಆ ಸಂಸ್ಥೆಯ ಅಂದಾಜು.

ಯಾವುದು ಮೊದಲು?

ಹಾಗಾದರೆ ಒಂದು ಜಿಲ್ಲೆಯ ಆದ್ಯತೆಯ ಪಟ್ಟಿ ಹೇಗಿರಬೇಕು?

ಮೊದಲು ಬರಬೇಕಾದದ್ದು ಊರೊಳಗಿನ ವೇಗ. ಸರಾಸರಿ ವೇಗ ಶೇ 1ರಷ್ಟು ಏರಿದರೆ ಪ್ರಾಣ ತೆಗೆಯುವ ಅಪಘಾತದ ಸಂಭವ ಶೇ 4ರಷ್ಟು ಏರುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಾರು ಗುದ್ದುವ ವೇಗ ಗಂಟೆಗೆ 50 ಕಿ.ಮೀ.ನಿಂದ 65ಕ್ಕೆ ಏರಿದರೆ ನಡೆಯುವವನು ಸಾಯುವ ಸಂಭವ ನಾಲ್ಕೂವರೆ ಪಟ್ಟಾಗುತ್ತದೆ. ‘ರಸ್ತೆ ಚೆನ್ನಾದ ಮೇಲೇ ಸಾವು ಜಾಸ್ತಿಯಾಯಿತು’ ಎಂದು ಹಳ್ಳಿಯ ಹಿರಿಯರು ಹೇಳುವುದರಲ್ಲಿ ಹುಸಿಯಿಲ್ಲ. ಗುಂಡಿ ಬಿದ್ದ ರಸ್ತೆ ತಾನೇ ವೇಗ ಹಿಡಿದಿಟ್ಟಿತ್ತು. ಡಾಂಬರು ಹಾಕಿ ಆ ಹಿಡಿತ ತೆಗೆದವರು ಅದರ ಬದಲಿಗೆ ಬೇರೇನನ್ನಾದರೂ ಕೊಡಬೇಕಿತ್ತು. ಶಾಲೆ, ಬಸ್ ನಿಲ್ದಾಣ, ಡೇರಿ, ಸಂತೆ ಇರುವ ಕಡೆ ಎತ್ತರಿಸಿದ ದಾಟುಜಾಗ, ಊರ ಪ್ರವೇಶದಲ್ಲಿ ಎದ್ದು ಕಾಣುವ ಫಲಕ ಮತ್ತು ಪಟ್ಟಿ, ಒಂದಿಷ್ಟು ಬೀದಿದೀಪ ಬೇಕು.

ಇಲ್ಲಿ ಹಂಪ್ಸಿನ ಬಗ್ಗೆ ಒಂದು ಮಾತು. ಹಂಪ್ಸ್ ಕೆಟ್ಟದ್ದಲ್ಲ, ನಾವು ಹಾಕುವ ರೀತಿ ಕೆಟ್ಟದ್ದು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದಂತೆ ಅದರ ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್. ಗಂಟೆಗೆ 25 ಕಿ.ಮೀ. ವೇಗದಲ್ಲಿ ಬೆನ್ನಿಗೆ ಪೆಟ್ಟಾಗದೆ ದಾಟುವಂತಿರಬೇಕು. 40 ಮೀಟರ್ ಮೊದಲೇ ಎಚ್ಚರಿಕೆ ಫಲಕ, ಮೈಮೇಲೆ ಕಪ್ಪು ಬಿಳುಪು ಪಟ್ಟಿ ಇರಬೇಕು. ನಮ್ಮೂರುಗಳಲ್ಲಿ ಕಾಣುವುದು ಮೊಣಕಾಲು ಮಡಚಿದಂಥ ಕಿರಿದಾದ ದಿಬ್ಬ. ಬೈಕಿನ ಹಿಂದೆ ಕೂತ ಹೆಂಗಸರು, ಮುದುಕರು ಎಗರಿ ಬೀಳುವುದು ಇಲ್ಲೇ. ಗರ್ಭಿಣಿಯನ್ನು ಹೊತ್ತ ಆ್ಯಂಬುಲೆನ್ಸ್ ಪಡುವ ಪಾಡು ಬೇರೆ. ಒಂದು ಅಪಾಯ ತಪ್ಪಿಸಲು ಹೋಗಿ ಇನ್ನೊಂದನ್ನು ನೆಟ್ಟಂತಾಗುತ್ತದೆ.

ಎರಡನೆಯದು ಕೂಡುರಸ್ತೆಗಳು. ಹಳ್ಳಿ ರಸ್ತೆ ಹೆದ್ದಾರಿಗೆ ಸೇರುವ ಕಡೆ ಎರಡೂ ಬದಿಯ ಜಾಲಿ, ಲಂಟಾನ, ಅಡ್ಡ ನಿಂತ ಫ್ಲೆಕ್ಸ್ ಬೋರ್ಡು, ಗೂಡಂಗಡಿ ತೆಗೆದರೆ ದೃಷ್ಟಿ ತೆರೆದುಕೊಳ್ಳುತ್ತದೆ. ಸುರಕ್ಷತೆಯ ಕೆಲಸಗಳಲ್ಲಿ ಇದಕ್ಕಿಂತ ಅಗ್ಗದ್ದು ಇಲ್ಲ. ಒಂದೇ ಷರತ್ತು: ಜಾಲಿ ಮತ್ತೆ ಬೆಳೆಯುತ್ತದೆ, ಮಳೆಗಾಲ ಮುಗಿದ ಮೇಲೆ ಪ್ರತಿ ವರ್ಷವೂ ಕಡಿಯಬೇಕು.

ಮೂರನೆಯದು ತಿರುವು, ಅಂಚು, ಕಿರಿದಾದ ಸೇತುವೆಗಳ ಗುರುತು. ತಿರುವು, ಅಂಚುಗಳ ಬಗ್ಗೆ ಆಗಲೇ ಹೇಳಿದ್ದೇನೆ. ನಾಲ್ಕನೆಯದು ನಾಲೆ, ಕೆರೆ ಏರಿ, ಆಳದ ಹಳ್ಳಗಳಿಗೆ ತಡೆ. ಇದು ದುಬಾರಿ. ಹಾಗಾಗಿ ರಸ್ತೆ ನೀರಿಗೆ ಅತಿ ಹತ್ತಿರವಿರುವ, ತಿರುವೂ ಇರುವ, ಬಸ್ಸು ಓಡಾಡುವ ಭಾಗಗಳಿಗೆ ಮೊದಲ ಸರದಿ. ಎಲ್ಲ ಕಡೆ ಒಮ್ಮೆಗೇ ಹಾಕಲಾಗದು ಎಂಬ ನೆಪದಲ್ಲಿ ಎಲ್ಲೂ ಹಾಕದಿರುವುದು ಸಲ್ಲದು.

ಐದನೆಯದು ಸುಗ್ಗಿಯ ಕಾಲದ ಕೆಲಸ. ದೇಶದ ಅಪಘಾತಗಳಲ್ಲಿ ಐದರಲ್ಲಿ ಒಂದಕ್ಕಿಂತ ಹೆಚ್ಚು ಹಿಂದಿನಿಂದ ಗುದ್ದುವಂಥವು. ಕಬ್ಬಿನ ಹಂಗಾಮಿನಲ್ಲಿ ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆ ಹಿಂಬದಿ ದೀಪವಿಲ್ಲದ ಟ್ರೇಲರುಗಳು ರಾತ್ರಿಯಿಡೀ ಸಾಲುಗಟ್ಟಿ ಓಡುತ್ತವೆ. ಟ್ರೇಲರಿನ ಅಗಲಕ್ಕಿಂತ ಹೊರಗೆ ಚಾಚಿದ ಕಬ್ಬು ಹಿಂದಿನ ಬೈಕಿನವನಿಗೆ ಕಾಣುವುದು ತೀರಾ ಹತ್ತಿರ ಬಂದಾಗಲೇ. ಪ್ರತಿ ಟ್ರೇಲರೂ ಕಾರ್ಖಾನೆಯ ವೇಬ್ರಿಡ್ಜ್ ಹತ್ತಲೇಬೇಕು. ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸದ ಟ್ರೇಲರಿಗೆ ತೂಕವಿಲ್ಲ ಎಂದು ಅಲ್ಲೇ ನಿಯಮ ಮಾಡಿದರೆ ಪೊಲೀಸರು ರಸ್ತೆಯಲ್ಲಿ ಓಡಾಡಿ ಹಿಡಿಯಬೇಕಾಗಿಲ್ಲ. ಹಳೇ ಮೈಸೂರು ಸೀಮೆಯಲ್ಲಿ ಹುರುಳಿ, ರಾಗಿ ಒಕ್ಕಣೆ ರಸ್ತೆಗೇ ಬರುತ್ತದೆ. ಹುರುಳಿ ಸೊಪ್ಪಿನ ಮೇಲೆ ಬೈಕು ಜಾರುತ್ತದೆ, ಕಾರಿನ ಅಡಿಗೆ ಸುತ್ತಿಕೊಂಡು ಬೆಂಕಿ ಹತ್ತುವುದೂ ಉಂಟು. ರೈತರನ್ನು ಬೈದು ಫಲವಿಲ್ಲ, ಅವರಿಗೆ ಕಣ ಬೇಕು. ಉದ್ಯೋಗ ಖಾತರಿಯಲ್ಲಿ ಒಕ್ಕಣೆ ಕಣ ಕಟ್ಟಿಸಿದ ಪಂಚಾಯಿತಿಗಳಿವೆ. ರಸ್ತೆ ಸುರಕ್ಷತೆಯ ಪಟ್ಟಿಯಲ್ಲಿ ಒಕ್ಕಣೆ ಕಣವೂ ಒಂದು ಕಾಮಗಾರಿ ಆಗಬಾರದೇಕೆ?

ತಪ್ಪು ಯಾರದು ಎಂಬ ಪ್ರಶ್ನೆ

ಇಷ್ಟೆಲ್ಲ ಓದಿ, ‘ಕುಡಿದು ಓಡಿಸುವವನಿಗೆ, ಹೆಲ್ಮೆಟ್ ಹಾಕದವನಿಗೆ ರಸ್ತೆ ಏನು ಮಾಡೀತು?’ ಎಂದು ಕೇಳುವವರಿರುತ್ತಾರೆ. 2022ರ ವರದಿಯೇ ಶೇ 71ರಷ್ಟು ಸಾವನ್ನು ಅತಿವೇಗದ ಲೆಕ್ಕಕ್ಕೆ ಹಾಕಿದೆ. ಹೆಲ್ಮೆಟ್, ಕುಡಿತದ ತಪಾಸಣೆ ಹಳ್ಳಿ ರಸ್ತೆಗಳಿಗೂ ಬರಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಅತಿವೇಗ ಎಂಬ ಅಂಕಿ ಹುಟ್ಟುವುದು ಎಲ್ಲಿ ಎಂದು ನೋಡಿ. ಅಪಘಾತವಾದ ಕೂಡಲೇ ಠಾಣೆಯಲ್ಲಿ ‘ಅತಿವೇಗ ಹಾಗೂ ಅಜಾಗರೂಕತೆಯ ಚಾಲನೆ’ ಎಂದು ಪ್ರಕರಣ ದಾಖಲಾಗುತ್ತದೆ. ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 106ನೇ ಕಲಮುಗಳು ಕೇಳುವುದೂ ಅದನ್ನೇ. ಕಾನೂನಿನ ಆ ನಮೂನೆಯಲ್ಲಿ ಗೇಣುದ್ದದ ಅಂಚಿಗೆ, ಇಲ್ಲದ ಫಲಕಕ್ಕೆ ಜಾಗವೇ ಇಲ್ಲ. ಚಾಲಕನ ಮೇಲೆ ತಪ್ಪು ಹೊರಿಸಿದ ಮೇಲೆ ರಸ್ತೆಯ ಬಗ್ಗೆ ಯಾರೂ ಕೇಳುವುದಿಲ್ಲ. ಮನುಷ್ಯ ತಪ್ಪು ಮಾಡುತ್ತಾನೆ. ತೂಕಡಿಸುತ್ತಾನೆ, ಅಂದಾಜು ತಪ್ಪುತ್ತಾನೆ. ಆ ತಪ್ಪಿಗೆ ಮರಣದಂಡನೆ ಆಗದಂತೆ ರಸ್ತೆ ಕಟ್ಟುವುದು ಸಾಧ್ಯವಿರುವಾಗ ಕಟ್ಟದಿರುವುದೂ ತಪ್ಪೇ.

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಇದನ್ನು ಒಪ್ಪಿಕೊಂಡಿದೆ. ಅದರ 198ಎ ಕಲಮಿನಂತೆ ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಹೊಣೆಗಾರ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ದತ್ತಾಂಶದ ದಾರಿಯೂ ತೆರೆದಿದೆ. ಮದ್ರಾಸ್ ಐಐಟಿ ರೂಪಿಸಿದ ಅಪಘಾತ ದತ್ತಾಂಶ ವ್ಯವಸ್ಥೆಯನ್ನು ಮೊದಲು ಜಾರಿಗೆ ತಂದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಪೊಲೀಸರು ಮೊಬೈಲಿನಲ್ಲಿ ಅಪಘಾತದ ಜಾಗವನ್ನು ನಕ್ಷೆ ಸಮೇತ ದಾಖಲಿಸುತ್ತಾರೆ. ರಸ್ತೆ ಇಲಾಖೆಯ ಎಂಜಿನಿಯರ್ ಅದೇ ದಾಖಲೆಗೆ ರಸ್ತೆಯ ಸ್ಥಿತಿಯನ್ನು ಸೇರಿಸಬೇಕು. ಈ ಎರಡನೆಯ ಭಾಗವನ್ನು ಮನಸ್ಸಿಟ್ಟು ತುಂಬಿದರೆ ಆದ್ಯತೆಯ ಪಟ್ಟಿ ಅರ್ಧ ಸಿದ್ಧವಾದಂತೆ.

ಇನ್ನರ್ಧ ಆಗಬೇಕಾದದ್ದು ಎಸ್ಟಿಮೇಟಿನಲ್ಲಿ. ರಸ್ತೆಗೆ ಮರುಡಾಂಬರು ಹಾಕುವ ಹಣ ಹೇಗೂ ಬರುತ್ತದೆ. ಆ ಎಸ್ಟಿಮೇಟಿನಲ್ಲೇ ಅಂಚಿನ ಗ್ರಾವೆಲ್, ಬಿಳಿ ಪಟ್ಟಿ, ತಿರುವಿನ ಫಲಕ, ಸೇತುವೆಯ ಗುರುತುಗಳನ್ನು ಸೇರಿಸಿ, ಅವು ಮುಗಿಯದೆ ಅಂತಿಮ ಬಿಲ್ ಪಾಸಾಗುವುದಿಲ್ಲ ಎಂದರೆ ಸಾಕು. ಸುರಕ್ಷತೆಗೆಂದು ಬೇರೆ ಅನುದಾನಕ್ಕೆ ಕಾಯುವ ಅಗತ್ಯ ಎಷ್ಟೋ ಕಡೆ ಬೀಳುವುದಿಲ್ಲ.

ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಪ್ರತಿ ಜಿಲ್ಲೆಯಲ್ಲೂ ರಸ್ತೆ ಸುರಕ್ಷತಾ ಸಮಿತಿ ಇದೆ. ಅದು ಮಾಡಬೇಕಾದ ಕೆಲಸ ಮೂರು. ಜಿಲ್ಲೆಯ ಗ್ರಾಮೀಣ ರಸ್ತೆಗಳ ಅಪಾಯದ ಜಾಗಗಳನ್ನು ಅಂಕ ಕೊಟ್ಟು ಪಟ್ಟಿ ಮಾಡುವುದು. ಆ ಪಟ್ಟಿಯನ್ನು ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಅಂಟಿಸುವುದು. ಮಾಡಿದ ಕೆಲಸದಿಂದ ಸಾವು ಇಳಿಯಿತೇ ಎಂದು ಮೂರು ವರ್ಷದ ಲೆಕ್ಕ ಹೇಳುವುದು. ಮುಂದಿನ ಗ್ರಾಮಸಭೆಯಲ್ಲಿ ಹಂಪ್ಸ್ ಬೇಕು ಎಂದು ಅರ್ಜಿ ಕೊಡುವ ಮೊದಲು ಓದುಗರು ಈ ಪಟ್ಟಿಯನ್ನು ಕೇಳಲಿ. ಪಟ್ಟಿ ಇದ್ದರೆ ನಮ್ಮೂರ ಗೇಟು ಅದರಲ್ಲಿ ಎಷ್ಟನೆಯದು ಎಂದು ಕೇಳಲಿ. ಪಟ್ಟಿಯೇ ಇಲ್ಲವೆಂದರೆ, ಯಾವ ಆಧಾರದ ಮೇಲೆ ಇಷ್ಟು ದಿನ ಹಣ ಖರ್ಚಾಯಿತು ಎಂದು ಕೇಳಲಿ.